ಕುಟ್ಟವ್ವ ಬಿಟ್ಟುಕೊಟ್ಟ ಮನೆ

ಲೋಕ ಇನ್ನೂ ಹೊಸದಾಗಿದ್ದ ಕಾಲ ಅದು. ಎಷ್ಟು ಎತ್ತರ ಬೆಳೆಯಬೇಕು ಅನ್ನುವುದು ಬೆಟ್ಟಗಳಿಗೆ ಇನ್ನೂ ಗೊತ್ತಿರಲಿಲ್ಲ. ನದಿಗಳು ದಾರಿ ಕೇಳಿಕೊಂಡು ಹರಿಯುತ್ತಿದ್ದವು. ಹಿಮಾಲಯದ ನೆತ್ತಿ ಕೂಡ ಆಗ ಬೆಳ್ಳಗಿರಲಿಲ್ಲ. ಹಿಮ ಅನ್ನುವುದನ್ನು ಯಾರೂ ಕಂಡೇ ಇರಲಿಲ್ಲ.

ಆ ಬೆಟ್ಟಗಳ ನಡುಮಟ್ಟದಲ್ಲಿ ಒಂದು ಓಕ್ ಕಾಡು. ಕಾಡಿನ ನಡುವೆ ಎಲ್ಲರಿಗಿಂತ ಹಿರಿಯ ಓಕ್ ಮರ ಒಂದಿತ್ತು. ಅದನ್ನು ಎಲ್ಲರೂ ಅಜ್ಜಿಮರ ಅನ್ನುತ್ತಿದ್ದರು. ಅಜ್ಜಿಮರದ ಬೇರಿನ ಸಂದಿಯಲ್ಲಿ ಒಂದು ಒರತೆ ಹುಟ್ಟುತ್ತಿತ್ತು. ಜಿಂಕೆ ಅಲ್ಲಿ ನೀರು ಕುಡಿಯುತ್ತಿತ್ತು, ಕರಡಿ ಅಲ್ಲಿ ನೀರು ಕುಡಿಯುತ್ತಿತ್ತು, ಕಾಡಿನಂಚಿನ ಗುಡಿಸಲಿನ ಹೆಂಗಸರೂ ಅಲ್ಲಿಗೇ ಕೊಡ ತರುತ್ತಿದ್ದರು.

ಆಗ ಯಾವ ಹಕ್ಕಿಗೂ ಬಾಗಿಲಿರುವ ಮನೆ ಇರಲಿಲ್ಲ. ಕೊಂಬೆ ಕವಲೊಡೆಯುವಲ್ಲಿ ನಾಲ್ಕು ಕಡ್ಡಿ ಇಟ್ಟರೆ ಅದೇ ಮನೆ. ಮರಕುಟಿಗ ಹಕ್ಕಿಯೂ ಹಾಗೇ ಮಾಡುತ್ತಿತ್ತು. ಅವಳ ಹೆಸರು ಕುಟ್ಟವ್ವ. ಗಂಡನ ಹೆಸರು ಕುಟ್ಟಪ್ಪ. ಅಜ್ಜಿಮರದ ಮೇಲಿನ ಕೊಂಬೆಯಲ್ಲಿ ಕುಟ್ಟವ್ವ ಮೊಟ್ಟೆ ಇಟ್ಟು ಕಾವು ಕೊಡುತ್ತಿದ್ದಳು.

ಒಂದು ದಿನ ಗಾಳಿ ಏದುಸಿರು ಬಿಡುತ್ತಾ ಬಂತು.

"ಎಲ್ಲಿಂದ ಓಡಿ ಬಂದೆ?" ಎಂದು ಅಜ್ಜಿಮರ ಕೇಳಿತು.

"ಬಡಗಣ ದಿಕ್ಕಿನಿಂದ. ನನ್ನ ಹಿಂದೆ ಯಾರೋ ಬರ್ತಾ ಇದ್ದಾರೆ. ಹೆಸರು ಗೊತ್ತಿಲ್ಲ. ಬೆಳ್ಳಗಿದ್ದಾರೆ, ಸದ್ದೇ ಮಾಡೋದಿಲ್ಲ."

ಗಾಳಿ ನಿಲ್ಲದೆ ಹೋಗಿಬಿಟ್ಟಿತು. ಸಂಜೆಯ ಹೊತ್ತಿಗೆ ಆಕಾಶ ಬೂದಿಯ ಬಣ್ಣಕ್ಕೆ ತಿರುಗಿತು. ಆಮೇಲೆ ಹಿಮ ಬಿತ್ತು.

ಅದೇ ಮೊದಲ ಹಿಮ. ಯಾರಿಗೂ ಏನು ಮಾಡಬೇಕೆಂದು ತಿಳಿಯಲಿಲ್ಲ. ಕುಟ್ಟವ್ವ ರೆಕ್ಕೆ ಹರಡಿ ಮೊಟ್ಟೆಗಳ ಮೇಲೆ ಕುಳಿತಳು. ಬೆನ್ನ ಮೇಲೆ ಹಿಮ ಬಿತ್ತು, ಕೊಡವಿದಳು. ಮತ್ತೆ ಬಿತ್ತು, ಮತ್ತೆ ಕೊಡವಿದಳು. ಬೆಳಗಾದಾಗ ಹೊಟ್ಟೆಯ ಕೆಳಗಿನ ಮೊಟ್ಟೆಗಳು ಕಲ್ಲಿನಂತೆ ತಣ್ಣಗಿದ್ದವು.

ಅವಳು ಅಳಲಿಲ್ಲ. ಅಂದಿನಿಂದ ಅವಳ ಎದೆಯಲ್ಲಿ ಒಂದು ನಡುಕ ಸೇರಿಕೊಂಡಿತು.

"ರೀ, ಗೋಡೆ ಬೇಕು. ನಾಲ್ಕೂ ಕಡೆ ಗೋಡೆ ಇರುವ ಮನೆ ಬೇಕು," ಎಂದಳು ಗಂಡನಿಗೆ.

"ಗೋಡೆ ಎಲ್ಲಿಂದ ತರೋದು?" ಎಂದ ಕುಟ್ಟಪ್ಪ.

ಅಜ್ಜಿಮರದ ಕಾಂಡದಲ್ಲಿ ಹಿಂದೆಂದೋ ಒಂದು ಕೊಂಬೆ ಮುರಿದು ಬಿದ್ದ ಗುರುತಿತ್ತು. ಅಲ್ಲಿ ಒಂದು ಅಣಬೆ, ಕಿವಿಯ ಹಾಗೆ, ಮರಕ್ಕೆ ಅಂಟಿಕೊಂಡು ಬೆಳೆದಿತ್ತು. ಅದು ಇವರ ಮಾತು ಕೇಳಿಸಿಕೊಂಡಿತು.

"ಇಲ್ಲಿ ಕುಟ್ಟು, ತಾಯಿ," ಎಂದಿತು ಅಣಬೆ. "ಹೊರಗೆ ಗಟ್ಟಿ ಅಷ್ಟೇ. ಒಳಗೆ ನಾನು ಮೆತ್ತಗೆ ಮಾಡಿದ್ದೀನಿ."

ಕುಟ್ಟವ್ವ ಅಜ್ಜಿಮರವನ್ನು ನೋಡಿದಳು. "ಅಜ್ಜಿ, ನೋವಾಗುತ್ತಾ?"

"ಆಗುತ್ತೆ. ತಡೆದುಕೊಳ್ತೀನಿ. ಕುಟ್ಟು ಮಗಳೇ," ಎಂದಿತು ಮರ.

ಕುಟ್ಟವ್ವ ಕುಟ್ಟಿದಳು. ಟಕ್ ಟಕ್ ಟಕ್. ಕೊಕ್ಕು ನೋಯುವವರೆಗೆ, ಕತ್ತು ನೋಯುವವರೆಗೆ, ಹಸಿವು ಮರೆಯುವವರೆಗೆ ಕುಟ್ಟಿದಳು. ಕೊನೆಗೆ ಒಂದು ದುಂಡನೆಯ ಬಾಗಿಲು, ಒಳಗೆ ಬೆಚ್ಚನೆಯ ಪೊಟರೆ ಆಯಿತು. ಕಾಡಿನಲ್ಲಿ ಬಾಗಿಲಿದ್ದ ಮೊದಲ ಮನೆ ಅದೇ.

ಮನೆಯಾದ ಮೇಲೆ ನಡುಕ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಮೊದಲು ಮನೆ ಇಲ್ಲ ಎಂಬ ಭಯ. ಈಗ ಮನೆ ಹೋದರೆ ಎಂಬ ಭಯ.

"ಯಾರಾದರೂ ಬಂದು ಒಳಗೆ ಕೂತುಬಿಟ್ಟರೆ?" ಎಂದು ಬಾಗಿಲಿನಲ್ಲೇ ಕುಳಿತಳು. ಕುಟ್ಟಪ್ಪ ತಂದುಕೊಟ್ಟ ಹುಳುವನ್ನು ಅತ್ತಿತ್ತ ನೋಡುತ್ತಲೇ ನುಂಗಿದಳು. ಆಮೇಲೆ, ಈ ಮನೆ ಹೋದರೆ ಇನ್ನೊಂದಿರಲಿ ಎಂದು ಪಕ್ಕದ ಮರದಲ್ಲಿ ಕುಟ್ಟಿದಳು. ಅದೂ ಹೋದರೆ ಮತ್ತೊಂದಿರಲಿ ಎಂದು ಅದರಾಚೆಯ ಮರದಲ್ಲಿ ಕುಟ್ಟಿದಳು. ಇರುವುದು ಒಂದರಲ್ಲಿ, ಕಾಯುವುದು ಎಲ್ಲವನ್ನೂ. ದಿನವಿಡೀ ಈ ಮರದಿಂದ ಆ ಮರಕ್ಕೆ, ಆ ಮರದಿಂದ ಈ ಮರಕ್ಕೆ ಕಿರುಚುತ್ತಾ ಹಾರುವುದೇ ಅವಳ ಕೆಲಸವಾಯಿತು.

"ಇಷ್ಟೊಂದು ಮನೆ ಇಟ್ಟುಕೊಂಡು ಏನು ಮಾಡ್ತೀಯೆ?" ಎಂದು ಕುಟ್ಟಪ್ಪ ಕೇಳಿದ.

"ಮೊಟ್ಟೆ ತಣ್ಣಗಾಗಿದ್ದು ನಿಮ್ಮ ಹೊಟ್ಟೆಯ ಕೆಳಗಲ್ಲ," ಎಂದಳು ಕುಟ್ಟವ್ವ.

ಮರುವರ್ಷ ಹಿಮ ಮತ್ತೆ ಬಂತು. ಈ ಸಲ ಎಲ್ಲರಿಗೂ ಅದರ ಹೆಸರು ಗೊತ್ತಿತ್ತು.

ಮೊದಲ ದಿನ ಚೇಕಡಿ ಹಕ್ಕಿ ಬಂದಳು. ನಮ್ಮ ಗುಬ್ಬಿಗಿಂತಲೂ ಸಣ್ಣವಳು, ಕಪ್ಪು ತಲೆ, ಬಿಳಿ ಕೆನ್ನೆ. ಅವಳ ಹಿಂದೆ ಅವಳ ಮುದಿ ತಾಯಿ ಚಳಿಗೆ ಉಂಡೆಯಾಗಿ ಕುಳಿತಿದ್ದಳು.

"ಅಕ್ಕಾ, ಆ ಖಾಲಿ ಪೊಟರೆಯಲ್ಲಿ ಈ ಚಳಿಗಾಲ ಕಳೀತೀವಿ. ನಮ್ಮವ್ವನಿಗೆ ತಡೆಯೋಕೆ ಆಗ್ತಿಲ್ಲ. ನಮ್ಮ ಕೊಕ್ಕು ನೋಡು, ನಮಗೆ ಮರ ಕೊರೆಯೋಕೆ ಬರೋದಿಲ್ಲ."

ಕುಟ್ಟವ್ವನಿಗೆ ಪಾಪ ಅನ್ನಿಸಿತು. ಆದರೆ ಪಾಪಕ್ಕಿಂತ ಭಯ ದೊಡ್ಡದಾಗಿತ್ತು. ಇವತ್ತು ಇವಳು ಬಂದರೆ ನಾಳೆ ಇನ್ನೊಬ್ಬರು ಬರುತ್ತಾರೆ, ಆಮೇಲೆ ನನಗೇ ಜಾಗ ಇರುವುದಿಲ್ಲ ಎಂದು ಎದೆ ಹೊಡೆದುಕೊಂಡಿತು.

"ಅದು ಖಾಲಿ ಅಲ್ಲ. ನನಗೆ ಬೇಕಾಗುತ್ತೆ," ಎಂದಳು.

ಪುಟ್ಟ ಗೂಬೆ ಬಂತು. ಅದಕ್ಕೂ ಇಲ್ಲ ಅಂದಳು. ಹಾರುವ ಅಳಿಲು ಬಂತು. ಅದಕ್ಕೂ ಇಲ್ಲ ಅಂದಳು. ಜೇನುನೊಣಗಳು ಗುಂಪಾಗಿ ಬಂದವು. ಅವಕ್ಕೆ ಬಾಗಿಲಿನಿಂದಲೇ ಕೊಕ್ಕು ತೋರಿಸಿದಳು.

ಒಂದು ಬೆಳಿಗ್ಗೆ ಅಜ್ಜಿಮರದ ಬುಡದಲ್ಲಿ, ಕುಟ್ಟವ್ವನ ಬಾಗಿಲಿನ ನೇರ ಕೆಳಗೆ, ಚೇಕಡಿಯ ತಾಯಿ ಹಿಮದ ಮೇಲೆ ಬಿದ್ದಿದ್ದಳು. ಚೇಕಡಿ ಒಂದು ತರಗೆಲೆಯನ್ನು ಕಚ್ಚಿ ತಂದು ತಾಯಿಯ ಮೇಲೆ ಹೊದಿಸಿದಳು. ತಲೆಯೆತ್ತಿ ಒಮ್ಮೆ ನೋಡಿದಳು. ತನ್ನ ಬಳಗವನ್ನು ಕರೆದುಕೊಂಡು ನದಿಯಾಚೆಗೆ ಹಾರಿಹೋದಳು. ಗೂಬೆಯೂ ಹೋಯಿತು. ಅಳಿಲೂ ಹೋಯಿತು. ಜೇನೂ ಹೋಯಿತು.

ಕಾಡು ಖಾಲಿಯಾಯಿತು. ಕುಟ್ಟವ್ವನ ಮನೆಗಳೆಲ್ಲ ಅವಳವೇ ಆಗಿ ಉಳಿದವು.

ವಸಂತ ಬಂತು. ಓಕ್ ಮರಗಳು ಚಿಗುರಿದವು. ಕುಟ್ಟವ್ವ ಪೊಟರೆಯೊಳಗೆ ಮತ್ತೆ ಮೊಟ್ಟೆ ಇಟ್ಟಳು, ಮರಿಗಳಾದವು. ಇನ್ನಾದರೂ ಚೆನ್ನಾಗಿರಬಹುದು ಅಂದುಕೊಂಡಳು.

ಒಂದು ಮಧ್ಯಾಹ್ನ ಹೊರಗೆ ಮಳೆಯ ಸದ್ದು ಕೇಳಿಸಿತು. ಸರಸರ, ಸರಸರ, ಸೋನೆಮಳೆಯ ಹಾಗೆ. ಕುಟ್ಟವ್ವ ತಲೆ ಹೊರಗೆ ಹಾಕಿದಳು. ಬಿಸಿಲು ಬಿದ್ದಿತ್ತು. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ಆದರೂ ಸದ್ದು ನಿಲ್ಲಲಿಲ್ಲ.

"ಅಜ್ಜಿ, ಏನಿದು ಸದ್ದು?"

"ನನ್ನನ್ನು ತಿನ್ನುವ ಸದ್ದು ಮಗಳೇ," ಎಂದಿತು ಅಜ್ಜಿಮರ.

ಎಲೆ ಎಲೆಯ ಮೇಲೂ ಹಸಿರು ಹುಳುಗಳು. ನೂಲಿನಲ್ಲಿ ಇಳಿಬಿದ್ದ ಹುಳುಗಳು, ಅಂಚಿನಿಂದ ಕೊರೆಯುವ ಹುಳುಗಳು, ನರ ಮಾತ್ರ ಬಿಟ್ಟು ಉಳಿದದ್ದನ್ನು ಮುಗಿಸಿದ ಹುಳುಗಳು. ಅವುಗಳ ಹಿಕ್ಕೆ ತರಗೆಲೆಯ ಮೇಲೆ ಉದುರುವುದೇ ಮಳೆಯಂತೆ ಕೇಳಿಸುತ್ತಿತ್ತು. ಹಿಂದಿನ ವರ್ಷವೂ ಆ ಹುಳುಗಳಿದ್ದವು. ಆಗ ಚೇಕಡಿಗಳೂ ಇದ್ದರು. ಬೆಳಗಿನಿಂದ ಸಂಜೆಯವರೆಗೆ ಹೆಕ್ಕಿ ಹೆಕ್ಕಿ ಮರಿಗಳ ಬಾಯಿಗೆ ತುಂಬುತ್ತಿದ್ದರು.

ಕೆಲವೇ ದಿನಗಳಲ್ಲಿ ಕಾಡು ಮುಕ್ಕಾಲು ಬೋಳಾಯಿತು. ನೆರಳನ್ನಷ್ಟೇ ಕಂಡಿದ್ದ ನೆಲಕ್ಕೆ ಬಿಸಿಲು ನೇರವಾಗಿ ಬಿತ್ತು. ಕಲ್ಲಿನ ಮೇಲಿನ ಹಾವಸೆ ಒಣಗಿ ಚಕ್ಕೆಯಾಯಿತು. ಎರೆಹುಳು ಇನ್ನೂ ಆಳಕ್ಕೆ, ಇನ್ನೂ ಆಳಕ್ಕೆ ಇಳಿಯಿತು. ಗೂಬೆ ಇಲ್ಲದ್ದರಿಂದ ಇಲಿಗಳು ಹಗಲಲ್ಲೇ ಓಡಾಡಿ, ನೆಲಕ್ಕೆ ಬಿದ್ದಿದ್ದ ಓಕ್ ಕಾಯಿಗಳನ್ನೆಲ್ಲ ತಿಂದವು. ಮೊಳೆಯಲು ಒಂದೂ ಉಳಿಯಲಿಲ್ಲ.

ಬೇರಿನ ಸಂದಿಯ ಒರತೆ ದಾರದಷ್ಟು ಸಣ್ಣದಾಯಿತು.

ಕಾಡಿನಂಚಿನ ಗುಡಿಸಲಿನಿಂದ ಹರುಲಿ ನೀರಿಗೆ ಬಂದಳು. ಬೆನ್ನಿಗೆ ಕೂಸನ್ನು ಕಟ್ಟಿಕೊಂಡಿದ್ದಳು. ಜೊತೆಗೆ ಅವಳ ಅತ್ತೆ ಖಿಮುಲಿ. ಹರುಲಿ ಮಣ್ಣಿನ ಕೊಡವನ್ನು ಒರತೆಯ ಕೆಳಗಿಟ್ಟು ಕುಳಿತಳು. ಎಷ್ಟು ಹೊತ್ತಾದರೂ ಕೊಡ ತುಂಬಲಿಲ್ಲ.

"ಅತ್ತೆ, ನಿನ್ನೆಗಿಂತ ಇವತ್ತು ಕಮ್ಮಿ," ಎಂದಳು.

ಖಿಮುಲಿ ಮೇಲೆ ನೋಡಿದಳು. ಒಂದು ಪೂರ್ತಿ ಎಲೆಯೂ ಇರಲಿಲ್ಲ. "ಮರ ಸತ್ತಿದೆ. ಇನ್ನು ಇಲ್ಲಿ ನೀರು ಬರಲ್ಲ ಹರೂ. ಕೆಳಗೆ ನದಿ ಹತ್ತಿರ ಹೋಗಿ ಮನೆ ಕಟ್ಟಿಕೊಳ್ಳೋಣ. ಈ ಮರಗಳನ್ನು ಕಡಿದರೆ ಕಂಬಕ್ಕಾಗುತ್ತೆ, ಸೂರಿಗಾಗುತ್ತೆ. ನಾಳೆ ಕೊಡಲಿ ತರೋಣ."

"ಆ ಕಣಿವೆಯಲ್ಲಿ ಹುಲಿ ಇದೆ ಅಂತಾರೆ ಅತ್ತೆ."

"ಇಲ್ಲಿ ನೀರಿಲ್ಲವಲ್ಲ," ಎಂದಳು ಖಿಮುಲಿ. ಅವಳ ದನಿಯಲ್ಲಿಯೂ ಧೈರ್ಯ ಇರಲಿಲ್ಲ. ಕೂಸು ಅಳತೊಡಗಿತು. ಹರುಲಿ ಬೆರಳನ್ನು ನೀರಿಗೆ ಅದ್ದಿ ಅದರ ಬಾಯಿಗಿಟ್ಟಳು.

ಇದೆಲ್ಲವನ್ನೂ ಕುಟ್ಟವ್ವ ಬಾಗಿಲಿನಿಂದ ಕೇಳಿಸಿಕೊಂಡಳು. ಅವಳ ಹಿಂದೆ ಮರಿಗಳು ಬಾಯಿ ತೆರೆದು ಕೂಗುತ್ತಿದ್ದವು.

ಹೆಂಗಸರು ಹೋದ ಮೇಲೆ ಅವಳು ಮರಕ್ಕೆ ಕಿವಿಯಿಟ್ಟಳು. "ಅಜ್ಜಿ, ನೀನು ಸತ್ತಿದ್ದೀಯಾ?"

ತುಂಬ ಹೊತ್ತು ಸದ್ದಿಲ್ಲ. ಕುಟ್ಟವ್ವ ಕೊಕ್ಕಿನಿಂದ ಮೆಲ್ಲಗೆ ಒಮ್ಮೆ ತಟ್ಟಿದಳು.

"ಇನ್ನೂ ಇಲ್ಲ," ಎಂದಿತು ಅಜ್ಜಿಮರ, ಎಲ್ಲೋ ಬೇರಿನಿಂದ. "ನನ್ನ ಹತ್ತಿರ ಇನ್ನೊಂದು ಸಲ ಚಿಗುರೋಕೆ ಆಗುವಷ್ಟು ಶಕ್ತಿ ಇದೆ. ಅದನ್ನೂ ಇವು ತಿಂದರೆ ಮತ್ತೆ ಚಿಗುರೋಕೆ ಏನೂ ಉಳಿಯಲ್ಲ."

"ನಾನು ತಿಂತೀನಿ ಹುಳುಗಳನ್ನ."

ಕುಟ್ಟವ್ವ ಹಾರಿದಳು. ಅವಳ ಕಾಲು ಇದ್ದದ್ದು ಕಾಂಡವನ್ನು ಹಿಡಿಯಲೆಂದು, ತೆಳ್ಳನೆಯ ರೆಂಬೆಯ ತುದಿಯನ್ನು ಹಿಡಿಯಲು ಅದಕ್ಕೆ ಆಗಲಿಲ್ಲ. ಜಾರಿದಳು, ತಲೆಕೆಳಗಾದಳು, ಒಂದು ಹುಳು ಹಿಡಿದಳು. ಮತ್ತೆ ಜಾರಿದಳು. ಕುಟ್ಟಪ್ಪನೂ ಬಂದ. ಇಬ್ಬರೂ ಸಂಜೆಯವರೆಗೆ ಹೆಕ್ಕಿದರು. ಒಂದು ರೆಂಬೆ ಕೂಡ ಪೂರ್ತಿಯಾಗಲಿಲ್ಲ. ಸರಸರ ಸದ್ದು ಸ್ವಲ್ಪವೂ ಇಳಿಯಲಿಲ್ಲ.

"ಇದು ನಮ್ಮಿಂದ ಆಗೋ ಕೆಲಸ ಅಲ್ಲ," ಎಂದ ಕುಟ್ಟಪ್ಪ. "ಯಾರ ಕೆಲಸ ಅಂತ ನಿನಗೂ ಗೊತ್ತು."

ಗೊತ್ತಿತ್ತು. ಆದರೆ ನದಿಯಾಚೆಗೆ ಹೋಗಬೇಕು. ಹೋಗಬೇಕೆಂದರೆ ಮನೆ ಬಿಡಬೇಕು, ಮರಿಗಳನ್ನು ಬಿಡಬೇಕು. ಮೊದಲ ಹಿಮದಿಂದ ಈಚೆಗೆ ಕುಟ್ಟವ್ವ ಈ ಕೆಲವು ಮರಗಳನ್ನು ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ.

"ನಾನು ಬರೋವರೆಗೆ ಬಾಗಿಲು ಬಿಟ್ಟು ಅಲ್ಲಾಡಬೇಡಿ," ಎಂದಳು ಗಂಡನಿಗೆ. ಸ್ವಲ್ಪ ದೂರ ಹಾರಿ ವಾಪಸ್ಸು ಬಂದಳು. ಮರಿಗಳನ್ನು ಮುಟ್ಟಿ ನೋಡಿದಳು. ಬೆಚ್ಚಗಿದ್ದವು. ಮತ್ತೆ ಹಾರಿದಳು.

ನದಿಯ ಮೇಲೆ ಗಾಳಿ ಎದುರಾಯಿತು. "ಎಲ್ಲಿಗೆ ಒಬ್ಬಳೇ?"

"ಚೇಕಡಿಯನ್ನ ಕರೆಯೋಕೆ. ಬರ್ತಾಳಾ ಅವಳು?"

"ನನಗೆ ಹೇಗೆ ಗೊತ್ತು?" ಎಂದಿತು ಗಾಳಿ. "ಆದರೆ ನಿನ್ನ ಎದೆಬಡಿತ ನದಿಯ ಸದ್ದಿಗಿಂತ ಜೋರಾಗಿ ಕೇಳ್ತಾ ಇದೆ." ಅಷ್ಟು ಹೇಳಿ, ಅವಳ ಹಿಂದಕ್ಕೆ ಸರಿದು, ಮೆಲ್ಲಗೆ ಮುಂದಕ್ಕೆ ತಳ್ಳಿತು.

ಚೇಕಡಿ ಬಂಡೆಯ ಒಂದು ಬಿರುಕಿನಲ್ಲಿ ಇದ್ದಳು. ಬಿರುಕು ಒದ್ದೆಯಾಗಿತ್ತು. ಕುಟ್ಟವ್ವನನ್ನು ಕಂಡ ಕೂಡಲೇ ಅವಳ ಬಳಗವೆಲ್ಲ ಹಿಂದೆ ಸರಿಯಿತು.

"ಯಾಕೆ ಬಂದೆ? ಇದೂ ನಿನ್ನ ಮನೇನಾ?" ಎಂದಳು ಚೇಕಡಿ.

ಕುಟ್ಟವ್ವ ತಲೆ ತಗ್ಗಿಸಿದಳು. "ಹುಳುಗಳು ಕಾಡನ್ನ ತಿಂತಾ ಇವೆ. ಅಜ್ಜಿಮರಕ್ಕೆ ಚಿಗುರೋಕೆ ಇನ್ನು ಒಂದೇ ಸಲ ಆಗುತ್ತೆ. ನಾಳೆ ಕೊಡಲಿ ಬರುತ್ತೆ. ನೀವು ಬಂದರೆ ಉಳಿಯಬಹುದು."

"ನಮ್ಮವ್ವ ನಿನ್ನ ಬಾಗಿಲ ಕೆಳಗೇ ಹೋದಳು."

"ನೋಡಿದೆ."

"ಒಳಗಿಂದ ನೋಡ್ತಾ ಇದ್ದೆಯಾ?"

"ಹೌದು," ಎಂದಳು ಕುಟ್ಟವ್ವ. "ಕೆಳಗಿಳಿಯೋಕೆ ಭಯವಾಯ್ತು. ನಾನು ಇಳಿದರೆ ಯಾರಾದರೂ ಒಳಗೆ ಹೋಗಿಬಿಡ್ತಾರೆ ಅಂತ. ನನ್ನ ಮೊಟ್ಟೆಗಳು ಹೋದಾಗಿನಿಂದ ಈ ಭಯ ನನ್ನನ್ನ ಬಿಟ್ಟಿಲ್ಲ. ಇದು ತಪ್ಪು ಅಂತ ಗೊತ್ತು. ಗೊತ್ತಿದ್ದರೂ ಭಯ ಹೋಗ್ತಿಲ್ಲ."

ಚೇಕಡಿ ಹಿಂದೆ ಸರಿದಿದ್ದ ತನ್ನ ಬಳಗವನ್ನೊಮ್ಮೆ ನೋಡಿದಳು. ಆಮೇಲೆ ಕೇಳಿದಳು. "ಈಗ ಮನೆ ಕೊಡ್ತೀಯಾ, ಸರಿ. ಹುಳು ಮುಗಿದ ಮೇಲೆ? ಮುಂದಿನ ಚಳಿಗಾಲಕ್ಕೆ ನಿನಗೆ ಮತ್ತೆ ಭಯ ಹತ್ತುತ್ತೆ. ಆಗ ನನ್ನ ಮರಿಗಳನ್ನ ಹೊರಗೆ ಹಾಕಲ್ಲ ಅಂತ ಏನು ನಂಬಿಕೆ?"

ಹಾಕುವುದಿಲ್ಲ ಎಂದು ಕುಟ್ಟವ್ವ ಹೇಳಬಹುದಿತ್ತು. ಆದರೆ ತನ್ನ ಭಯ ಎಂಥದು ಎಂದು ಅವಳಿಗೇ ಗೊತ್ತಿತ್ತು. ನದಿಯ ಕಡೆ ನೋಡುತ್ತಾ ಯೋಚಿಸಿದಳು.

"ಖಾಲಿ ಇರೋ ಮನೆಗಳನ್ನೆಲ್ಲ ಇವತ್ತೇ ಬಿಟ್ಟುಕೊಡ್ತೀನಿ," ಎಂದಳು ಕೊನೆಗೆ. "ಈಗ ನಾನಿರೋ ಮನೆಯನ್ನೂ ಮರಿಗಳು ಹಾರಿದ ಮೇಲೆ ಬಿಡ್ತೀನಿ. ಮುಂದಿನ ವರ್ಷ ಹೊಸದು ಕೊರೀತೀನಿ. ಅದನ್ನೂ ಬಿಡ್ತೀನಿ. ಒಂದು ಮನೆಯಲ್ಲಿ ಎರಡು ವರ್ಷ ಇದ್ದರೆ ತಾನೇ ಅದು ನನ್ನದು ಅನ್ನಿಸೋದು? ಅನ್ನಿಸೋ ಮೊದಲೇ ಎದ್ದು ಹೋಗ್ತೀನಿ."

"ಪ್ರತಿ ವರ್ಷ? ನಿನ್ನ ಕೊಕ್ಕು?"

"ನೋಯುತ್ತೆ. ಅಜ್ಜಿಮರಕ್ಕೂ ನೋಯುತ್ತೆ."

ಚೇಕಡಿ ಬರುತ್ತೇನೆ ಅನ್ನಲಿಲ್ಲ, ಬರುವುದಿಲ್ಲ ಅಂತಲೂ ಅನ್ನಲಿಲ್ಲ. "ನಮ್ಮವರನ್ನ ಕೇಳಬೇಕು," ಎಂದು ಬಿರುಕಿನೊಳಗೆ ಹೋದಳು. ಕುಟ್ಟವ್ವ ಒಬ್ಬಳೇ ವಾಪಸ್ಸು ಹಾರಿದಳು.

ಮರುದಿನ ಬೆಳಿಗ್ಗೆ ಹರುಲಿಯೂ ಖಿಮುಲಿಯೂ ಕೊಡಲಿ ತಂದರು.

ಮೊದಲು ಪಕ್ಕದ ಎಳೆಯ ಓಕ್‌ಗೆ ಏಟು ಬಿತ್ತು. ಒಂದೊಂದು ಏಟಿಗೂ ಕುಟ್ಟವ್ವನ ಮನೆ ಅದುರಿತು. ಮರಿಗಳು ಅವಳ ರೆಕ್ಕೆಯ ಕೆಳಗೆ ತೂರಿಕೊಂಡವು. ನದಿಯ ಕಡೆ ನೋಡಿದಳು. ಯಾರೂ ಇಲ್ಲ. ಮತ್ತೆ ನೋಡಿದಳು. ಯಾರೂ ಇಲ್ಲ. ಎಳೆಯ ಮರ ನರಳುತ್ತಾ ಬಿತ್ತು. ಅದರಲ್ಲಿ ಕುಟ್ಟವ್ವ ಕೊರೆದಿಟ್ಟಿದ್ದ ಒಂದು ಪೊಟರೆ ಇತ್ತು. ಖಿಮುಲಿ ಕೈ ಹಾಕಿ ನೋಡಿದಳು.

"ಒಳಗೆ ಏನೂ ಇಲ್ಲ. ಯಾರೋ ಸುಮ್ಮನೆ ಕೊರೆದಿದ್ದಾರೆ," ಎಂದಳು. ಆಮೇಲೆ ಅಜ್ಜಿಮರದ ಕಡೆ ತಿರುಗಿದಳು.

ಕೊಡಲಿ ಮೇಲೆದ್ದಿತು.

"ಅತ್ತೆ, ಒಂದು ನಿಮಿಷ ತಡೀರಿ," ಎಂದಳು ಹರುಲಿ.

ಕಪ್ಪು ತಲೆಯ, ಬಿಳಿ ಕೆನ್ನೆಯ ಸಣ್ಣ ಹಕ್ಕಿಯೊಂದು ಅಜ್ಜಿಮರದ ರೆಂಬೆಯ ತುದಿಯಲ್ಲಿ ತಲೆಕೆಳಗಾಗಿ ಜೋತುಬಿದ್ದಿತ್ತು. ಅದರ ಕೊಕ್ಕಿನಲ್ಲಿ ಹಸಿರು ಹುಳು. ಹಿಂದೆಯೇ ಇನ್ನೊಂದು ಬಂತು, ಮತ್ತೊಂದು ಬಂತು. ಕಾಡಿನ ತುಂಬ ಸಣ್ಣ ರೆಕ್ಕೆಗಳು ಫಡಫಡ ಅಂದವು. ಒಂದು ಹಕ್ಕಿ ಬಾಯಿತುಂಬ ಹಾವಸೆ ಕಚ್ಚಿಕೊಂಡು ಆಚೆಯ ಮರದ ಪೊಟರೆಯೊಳಗೆ ನುಗ್ಗಿತು. ಕುಟ್ಟವ್ವ ಅದನ್ನು ನೋಡಿದಳು. ಕಿರುಚಬೇಕು ಅನ್ನಿಸಿತು. ಕೊಕ್ಕು ಬಿಗಿ ಹಿಡಿದು ಸುಮ್ಮನಿದ್ದಳು.

"ಸತ್ತ ಕಾಡಿಗೆ ಯಾರಾದರೂ ಸಂಸಾರ ಹೂಡೋಕೆ ಬರ್ತಾರಾ ಅತ್ತೆ?" ಎಂದಳು ಹರುಲಿ.

ಖಿಮುಲಿ ಕೊಡಲಿ ಇಳಿಸಿದಳು. ತೊಗಟೆಯನ್ನು ಉಗುರಿನಿಂದ ಸ್ವಲ್ಪ ಕೆರೆದು ನೋಡಿದಳು. ಕೆಳಗೆ ಹಸಿರಿತ್ತು.

"ಮಳೆಗಾಲದವರೆಗೆ ನೋಡೋಣ," ಎಂದಳು. "ಅಲ್ಲೀತನಕ ನೀರಿಗೆ ನದಿಗೇ ಇಳೀಬೇಕು ಹರೂ. ಇಬ್ಬರೂ ಜೊತೆಗೇ ಹೋಗೋಣ. ನೀನು ಒಬ್ಬಳೇ ಹೋಗೋದು ಬೇಡ."

ಸರಸರ ಸದ್ದು ಒಂದೇ ದಿನದಲ್ಲಿ ನಿಲ್ಲಲಿಲ್ಲ. ಚೇಕಡಿಗಳು ಹೆಕ್ಕುತ್ತಲೇ ಇದ್ದರು, ಹುಳುಗಳು ತಿನ್ನುತ್ತಲೇ ಇದ್ದವು. ಅಜ್ಜಿಮರ ತನ್ನ ಕೊನೆಯ ಶಕ್ತಿಯನ್ನು ಖರ್ಚು ಮಾಡಿ ಚಿಗುರಿತು. ಆ ಚಿಗುರು ಉಳಿಯುತ್ತದೋ ಇಲ್ಲವೋ ಎಂದು ಕುಟ್ಟವ್ವ ದಿನಾ ಬೆಳಿಗ್ಗೆ ಎದ್ದು ಒಂದೊಂದೇ ರೆಂಬೆ ನೋಡುತ್ತಿದ್ದಳು. ಕೆಲವು ಮರಗಳು ಉಳಿಯಲಿಲ್ಲ. ಅಜ್ಜಿಮರ ಉಳಿಯಿತು. ಎಲೆ ಅಗಲವಾಯಿತು, ನೆರಳು ಬಿತ್ತು, ನೆಲ ತಣ್ಣಗಾಯಿತು. ಸುದ್ದಿ ತಿಳಿದು ಗೂಬೆ ಬಂತು, ಇಲಿಗಳು ಬಿಲ ಸೇರಿದವು. ಹಾರುವ ಅಳಿಲು ಬಂತು. ಜೇನೂ ಬಂದು ಒಂದು ಪೊಟರೆ ತುಂಬಿತು. ಮಳೆಗಾಲದಲ್ಲಿ ತರಗೆಲೆಗಳು ನೀರು ಹೀರಿ ಹಿಡಿದವು. ಮಳೆ ನಿಂತ ಮೇಲೂ ಒರತೆ ಹರಿಯಿತು. ಹರುಲಿಯ ಕೊಡ ತುಂಬಿತು. ಅವಳ ಕೂಸು ಆ ಹೊತ್ತಿಗೆ ಕೊಡ ಹಿಡಿದು ನಿಲ್ಲುವಷ್ಟಾಗಿತ್ತು.

ಅಷ್ಟರಲ್ಲಿ ಕುಟ್ಟವ್ವನ ಮರಿಗಳೆಲ್ಲ ಹಾರಿಹೋಗಿದ್ದವು. ಈಗ ಮನೆ ಬಿಡಬೇಕು.

ಅವಳು ಬಾಗಿಲಿನಲ್ಲಿ ತುಂಬ ಹೊತ್ತು ಕುಳಿತಳು. ಒಳಗೆ ಬೆಚ್ಚಗಿತ್ತು. ಹೊರಗೆ ಗಾಳಿ ತಣ್ಣಗಾಗತೊಡಗಿತ್ತು. ಎದುರು ಕೊಂಬೆಯಲ್ಲಿ ಚೇಕಡಿ ತನ್ನ ಮರಿಗಳ ಜೊತೆ ಕಾಯುತ್ತಿದ್ದಳು.

"ನಡುಕ ಹೋಗಿಲ್ಲ ಅಜ್ಜಿ," ಎಂದಳು ಕುಟ್ಟವ್ವ.

"ನಡುಗುತ್ತಲೇ ಹಾರು," ಎಂದಿತು ಅಜ್ಜಿಮರ. "ಮೇಲಿನ ಸಾಲಿನಲ್ಲಿ ಒಂದು ಮರಕ್ಕೆ ಅಣಬೆ ಬಂದಿದೆ. ಅಲ್ಲಿ ಕುಟ್ಟು."

ಕುಟ್ಟವ್ವ ಹಾರಿದಳು. ಮೇಲಿನ ಸಾಲಿನ ಮರಕ್ಕೆ ಅಂಟಿಕೊಂಡಳು. ಟಕ್ ಟಕ್ ಟಕ್. ಅವಳ ಮಗಳೂ ಹಾಗೇ ಮಾಡಿದಳು, ಮೊಮ್ಮಗಳೂ ಹಾಗೇ ಮಾಡಿದಳು.

ಅದಕ್ಕೇ ಮಗು, ಮರಕುಟಿಗ ಇವತ್ತಿಗೂ ವರ್ಷವರ್ಷವೂ ಹೊಸ ಪೊಟರೆ ಕೊರೆಯುತ್ತದೆ, ಬಿಟ್ಟುಹೋದ ಪೊಟರೆಯಲ್ಲಿ ಬೇರೆ ಯಾರದೋ ಸಣ್ಣ ಮುಖ ಇಣುಕುತ್ತದೆ. ನೀನು ಸದ್ದು ಮಾಡದೆ ನಿಂತು ನೋಡಿದರೆ, ಅದು ನಾಲ್ಕು ಸಲ ಕುಟ್ಟಿ, ನಿಲ್ಲಿಸಿ, ಕಾಂಡದ ಮರೆಯಿಂದ ಕತ್ತು ಚಾಚಿ ಸುತ್ತಲೂ ಹೆದರಿ ನೋಡಿ, ಮತ್ತೆ ಕುಟ್ಟುವುದು ಕಾಣುತ್ತದೆ.